ಗಾದಿ ಕೋಣೆಯ ಮಕ್ಕಳು

ಖಾಲಿ ಕೋಣೆಯೊಳಗೆ ಕಾಲಿಟ್ಟ ಕೂಡಲೇ "ನನ್ನ ದನಿ ಕೇಳಸಾಕತ್ತೈತೇನ್ರಿ?" ಎಂದು ಕೇಳುವ ಒಂದು ಚಟ ನನಗೆ ಅಂಟಿಕೊಂಡಿದೆ. ಅಡುಗೆಮನೆಯ ಲೈಟು ಹಾಕುವ ಮೊದಲು ಕೇಳುತ್ತೇನೆ. ಮಹಡಿಯ ಕೋಣೆಯ ಬೀಗ ತೆಗೆದು ಕೇಳುತ್ತೇನೆ. ಮೊನ್ನೆ ಎ.ಟಿ.ಎಂ. ಗೂಡಿನೊಳಗೆ ನಿಂತು ಕೇಳಿಬಿಟ್ಟೆ. ಹೊರಗೆ ಪಾಳಿಯಲ್ಲಿ ನಿಂತಿದ್ದ ಹೆಣ್ಣುಮಗಳು ಗಾಜಿನ ಬಾಗಿಲಿಗೆ ಮುಖ ಹಚ್ಚಿ, ಒಳಗೆ ಇನ್ನು ಯಾರಿದ್ದಾರೆ ಎಂದು ನೋಡಿದಳು. ಯಾರೂ ಇರಲಿಲ್ಲ. ಆಕೆ ಪಾಳಿ ಬಿಟ್ಟು ರಸ್ತೆ ದಾಟಿ ಬೇರೆ ಕಡೆ ಹೋದಳು. ಮನೆಗೆ ಬಂದು ಇದನ್ನು ಹೇಳಿದರೆ ನಮ್ಮ ಮನೆಯವರು, "ನಿನ್ನ ರಿಟೈರ್ಮೆಂಟ್ ಹತ್ರ ಬಂತು ನೋಡು ಸರೋಜಾ" ಎಂದು ನಕ್ಕರು. ನಗಲಿ. ಬಾರದ ಉತ್ತರವನ್ನು ಒಮ್ಮೆ ಕಿವಿಯಾರೆ ಕೇಳಿದೆ ಎಂದು ಆಣೆ ಮಾಡಿದವರು ಇವರೇ. ಅದನ್ನು ಮುಂದೆ ಹೇಳುತ್ತೇನೆ.

ಕೊರೊನಾ ಹೋಯಿತು, ಮಾಸ್ಕು ಹೋಯಿತು, ಈ ಪ್ರಶ್ನೆ ಮಾತ್ರ ನನ್ನ ಬಾಯಲ್ಲಿ ಉಳಿಯಿತು. ಗದಗಿನ ಒಂದು ಬಿ.ಎಡ್. ಕಾಲೇಜಿನಲ್ಲಿ, ಪಾಠ ಮಾಡುವುದು ಹೇಗೆ ಎಂಬುದನ್ನು ಪಾಠ ಮಾಡುವುದು ನನ್ನ ಉದ್ಯೋಗ. ಅದಕ್ಕೂ ಒಂದು ಪಾಠವೇ ಎಂದು ಕೇಳಿದವರು ನಗುತ್ತಾರೆ. ಇದೆ ನೋಡಿ. ಪ್ರಶ್ನೆ ಕೇಳುವುದಕ್ಕೇ ಒಂದು ಕ್ರಮವಿದೆ. ಮೊದಲು ಪ್ರಶ್ನೆ ಕೇಳಬೇಕು. ಆಮೇಲೆ ತಡೆಯಬೇಕು. ಆಮೇಲೆ ಒಂದು ಮಗುವಿನ ಹೆಸರು ಹಿಡಿದು ಎಬ್ಬಿಸಬೇಕು. ಅದು ಉತ್ತರ ಹೇಳುವತನಕ ಕಾಯಬೇಕು, ಹೇಳಿದರೆ ಶಭಾಷ್ ಅನ್ನಬೇಕು, ಹೇಳದಿದ್ದರೂ ಮರೆಯದೆ ಕೂರಿಸಬೇಕು. ಎಷ್ಟೋ ಮಾಸ್ತರರು ಈ ಕೊನೆಯದನ್ನು ಮರೆತು ಮುಂದೆ ಹೋಗುತ್ತಾರೆ, ಮಗು ಗಂಟೆ ಹೊಡೆಯುವತನಕ ನಿಂತೇ ಇರುತ್ತದೆ. ಕೂರಿಸದೆ ಬಿಟ್ಟವರ ಅಂಕಕ್ಕೆ ನಾನು ಕತ್ತರಿ ಹಾಕುತ್ತೇನೆ. ಈ ವಿಷಯದಲ್ಲಿ ನಾನು ಕಟುಕಿ ಎಂದು ಕಾಲೇಜಿನಲ್ಲಿ ಹೆಸರಾಗಿದೆ.

ಮೊದಲೆಲ್ಲ ನಮ್ಮ ವಿದ್ಯಾರ್ಥಿಗಳು ನಿಜವಾದ ಶಾಲೆಗೆ ಹೋಗುವ ಮುಂಚೆ ತಮ್ಮತಮ್ಮಲ್ಲೇ ಪಾಠ ಮಾಡಿ ಕೈ ಪಳಗಿಸಿಕೊಳ್ಳುತ್ತಿದ್ದರು. ಒಬ್ಬರು ಬೋರ್ಡಿನ ಹತ್ತಿರ, ಉಳಿದವರೆಲ್ಲ ಮಕ್ಕಳಾಗಿ ಬೆಂಚಿನ ಮೇಲೆ. ಗಿರಿಜಾಮೀಸೆ ಬಿಟ್ಟ ಗಂಡಸು ಎದ್ದು ಕಿರುಬೆರಳು ತೋರಿಸಿ "ಟೀಚರ್, ಒಂದಕ್ಕ ಹೋಗ್ಲೇನ್ರಿ?" ಎನ್ನುವುದನ್ನು ನೋಡಬೇಕು ನೀವು. ಅಷ್ಟರಲ್ಲಿ ಬಂತಲ್ಲ ರೋಗ, ಕಾಲೇಜು ಬಂದ್, ಶಾಲೆ ಬಂದ್. ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು: ಪಾಠಗಳನ್ನೂ ಅಭ್ಯಾಸ ಪಾಠಗಳನ್ನೂ ಆನ್‌ಲೈನಿನಲ್ಲೇ ನಡೆಸತಕ್ಕದ್ದು. ಬಾವಿಯೇ ಇಲ್ಲದೆ ಈಜು ಕಲಿಸಿ ಅಂದಹಾಗೆ. ಆದರೂ ಸುತ್ತೋಲೆ ಸುತ್ತೋಲೆಯೇ. ಮಹಡಿಯ ಕೋಣೆಯಲ್ಲಿ ಮೊಬೈಲನ್ನು ಉಪ್ಪಿನಕಾಯಿ ಭರಣಿಗೆ ಆನಿಸಿಟ್ಟು ನಾನು ಶುರು ಮಾಡಿದೆ.

ಮುಂಡರಗಿಯ ಶಿವಲೀಲಾ ಮಾಳಿಗೆ ಹತ್ತಿ ಕೂತಳು, ಹಿರೇಹಂದಿಗೋಳದ ಸಂಗಪ್ಪ ಹೊಲದಲ್ಲಿ ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತ. ಅಲ್ಲಿ ಮಾತ್ರ ಅವನಿಗೆ ನೆಟ್‌ವರ್ಕ್. ಮಕ್ಕಳಾಗಿ ಉತ್ತರ ಹೇಳಬೇಕಾದವರ ದನಿ ಬೇಕಾದಾಗ ಬರುತ್ತಿರಲಿಲ್ಲ, ಬೇಡವಾದಾಗ ಬಂದು ಬೀಳುತ್ತಿತ್ತು. ಶಿವಲೀಲಾ ದೇಶದ ರಾಜಧಾನಿ ಯಾವುದೆಂದು ಕೇಳಿ, ಕಾದು ಕಾದು ಪಾಠ ಮುಗಿಸಿದಳು. ಆಮೇಲೆ ಸಂಗಪ್ಪ ವಿಜ್ಞಾನದ ಪಾಠಕ್ಕೆ ನಿಂತು, "ನಾವು ಉಂಡ ಅನ್ನ ಎಲ್ಲಿಗೆ ಹೋಗ್ತೈತಿ?" ಎಂದು ಕೇಳುವುದಕ್ಕೂ, ಎಲ್ಲಿಂದಲೋ ಒಂದು ದನಿ "ದಿಲ್ಲಿ ರೀ!" ಎಂದು ಕೂಗುವುದಕ್ಕೂ ಸರಿಹೋಯಿತು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಸಿಟ್ಟು ಬಂತು.

"ನಾಳಿಂದ ಎಲ್ಲಾರೂ ಮೈಕ್ ಬಂದ್ ಮಾಡ್ರಿ" ಎಂದೆ. "ಪಾಠ ಮಾಡಾವರು, ಮುಂದ ಮಕ್ಕಳು ಕುಂತಾರ ಅಂತ ತಿಳ್ಕೊಂಡು ಮಾಡ್ರಿ. ಪ್ರಶ್ನೆ ಕೇಳ್ರಿ, ಹೆಸರು ಹಿಡಿದು ಎಬ್ಬಸ್ರಿ, ಅವರು ಉತ್ತರ ಹೇಳೂತನಕ ತಡೀರಿ. ಆಮ್ಯಾಲ ಕುಂಡ್ರಸ್ರಿ."

ಬರೇ ಒಂದು ವ್ಯವಸ್ಥೆ ಅಂತ ಹೇಳಿದ ಮಾತು. ಇಲ್ಲದ ಮಕ್ಕಳನ್ನು ನಾನೇ ಬಾ ಎಂದು ಕರೆದ ಹಾಗಾಯಿತು ಎಂದು ಆಗ ಹೊಳೆಯಲಿಲ್ಲ.

ಎಲ್ಲರೂ ಗಡಿಬಿಡಿಯಲ್ಲಿ ಮಾಡಿದರು. "ಹೇಳು ರಾಜು, ಶಭಾಷ್, ಕುಂಡ್ರು" ಎಂದು ಒಂದೇ ಉಸಿರಿಗೆ ಮುಗಿಸಿ ಮುಂದೆ ಓಡುತ್ತಿದ್ದರು. ಖಾಲಿ ಗೋಡೆಯ ಮುಂದೆ ಬಾಯಿ ಮುಚ್ಚಿ ನಿಲ್ಲುವುದು ಯಾರಿಗೂ ಆಗಲಿಲ್ಲ. ಅದು ಹೇಳಿದಷ್ಟು ಸಸಾರವಲ್ಲ, ಬೇಕಾದರೆ ನೀವೇ ಒಮ್ಮೆ ಮಾಡಿ ನೋಡಿ. ತಡೆದು ನಿಂತವಳು ಒಬ್ಬಳೇ, ಹಸೀನಾ.

ಹಸೀನಾ ಅಡರಕಟ್ಟಿಯ ಹುಡುಗಿ. ಅವಳ ಅಪ್ಪ ಗಾದಿ ಹೊಲಿಯುವವರು, ಊರೂರು ತಿರುಗಿ ಹತ್ತಿ ಹಿಂಜಿ ಗಾದಿ, ತಲೆದಿಂಬು ಮಾಡಿಕೊಡುವ ನದಾಫರ ಮನೆತನ. ಆ ವರ್ಷ ಮದುವೆಗಳೇ ಇಲ್ಲವಲ್ಲ, ಹೊಲಿದಿಟ್ಟ ಗಾದಿಗಳೆಲ್ಲ ಒಂದು ಕೋಣೆಯಲ್ಲಿ ತೊಲೆಯ ಮಟ್ಟಕ್ಕೆ ಒಟ್ಟಿದ್ದವಂತೆ. ಆ ಕೋಣೆಯಲ್ಲಿ ನಿಂತು ಅವಳು ಪಾಠ ಮಾಡುತ್ತಿದ್ದಳು. ಬೇರೆಯವರ ಮನೆಗಳಿಂದ ಕುಕ್ಕರ್ ಸೀಟಿ, ಕೋಳಿ, ಕೂಸಿನ ಅಳು ಎಲ್ಲ ಬರುತ್ತಿದ್ದವು. ಹಸೀನಾಳ ಕೋಣೆಯಿಂದ ಏನೂ ಇಲ್ಲ. ಹತ್ತಿ ಸದ್ದನ್ನು ಕುಡಿದುಬಿಡುತ್ತದೆ. ಅವಳು ಮಾತು ನಿಲ್ಲಿಸಿದರೆ ಫೋನು ಕೆಟ್ಟಿತೇನೋ ಅನ್ನಿಸುವಷ್ಟು ನಿಶ್ಶಬ್ದ. ಆ ನಿಶ್ಶಬ್ದದೊಳಗೆ ಅವಳು, "ಬಸೂ, ನೀ ಹೇಳು" ಎಂದು ಒಂದು ಕಡೆ ನೋಡುತ್ತ ನಿಲ್ಲುತ್ತಿದ್ದಳು. ಆಮೇಲೆ ಸಣ್ಣಗೆ ನಕ್ಕು, "ಅಲ್ಲ. ಇನ್ನೊಮ್ಮೆ ವಿಚಾರ ಮಾಡು" ಎನ್ನುತ್ತಿದ್ದಳು.

ಬಸ್ಯಾ ಯಾವಾಗಲೂ ತಪ್ಪೇ ಹೇಳುವವನು. ಯಲ್ಲವ್ವ ಜಾಣೆ, ಆದರೆ ಅವಸರದವಳು. ಇರ್ಫಾನನ ದನಿ ಸಣ್ಣದು, ಅವನ ಸರದಿ ಬಂದರೆ ಹಸೀನಾ ಮುಂದೆ ಬಾಗಿ ಕಿವಿಗೊಟ್ಟು, "ಜೋರಾಗಿ ಹೇಳಪಾ, ಹಿಂದಿನವರಿಗೆ ಕೇಳಲಿ" ಎನ್ನುತ್ತಿದ್ದಳು. ಒಂದೆರಡು ವಾರದಲ್ಲಿ ನಾವೆಲ್ಲ ಆ ಮಕ್ಕಳ ಗುಣ ಬಲ್ಲವರಾದೆವು. ನಾನು ಇಷ್ಟು ವರ್ಷ ಪಾಠ ನೋಡಿದವಳು, ನನ್ನ ಕಣ್ಣು ಮೊದಲು ಹೋಗುವುದು ಮಾಸ್ತರರ ಕಣ್ಣಿನ ಮೇಲೆ. ಹಸೀನಾಳ ಕಣ್ಣು ಬಸ್ಯಾನನ್ನು ನೋಡಲು ಎಡಕ್ಕೆ ಮುಂದೆ ಬೀಳುತ್ತಿತ್ತು, ಯಲ್ಲವ್ವನಿಗೆ ನಡುವೆ. ದಿನ ಬದಲಾದರೂ ಪಾಠ ಬದಲಾದರೂ ಯಾರ ಜಾಗವೂ ಬದಲಾಗಲಿಲ್ಲ. ಅದನ್ನು ಕಂಡ ದಿನ ನನ್ನ ಮೈಮೇಲೆ ಮುಳ್ಳೆದ್ದಿತು ಎಂದರೆ ನಂಬಿ.

ನಮ್ಮ ಮನೆಯವರದು ಬೆಟಗೇರಿಯಲ್ಲಿ ಬಟ್ಟೆ ಅಂಗಡಿ. ಅದಕ್ಕೂ ಬೀಗ ಬಿದ್ದಿತ್ತಾದ್ದರಿಂದ ಅವರು ಮನೆಯೊಳಗೇ ಕೆಲಸವಿಲ್ಲದೆ ಸುತ್ತುತ್ತಿದ್ದರು. ನನ್ನ ಕೋಣೆಯ ಬಾಗಿಲ ಹೊರಗೆ ಪೇಪರ್ ಹಿಡಿದು ಕೂರುವುದು ರೂಢಿಯಾಯಿತು. ಒಂದು ದಿನ ಊಟಕ್ಕೆ ಕೂತಾಗ ಕೇಳಿದರು: "ಆ ಬಸ್ಯಾ ಇವತ್ತರ ಸರಿ ಹೇಳಿದ ನೋಡು. ಯಾರ ಮಗ ಅಂವ?"

"ಬಸ್ಯಾ ಅಂತ ಯಾರೂ ಇಲ್ರಿ. ಅಕಿ ಸುಮ್ಮನ ಹಂಗ ಮಾಡ್ತಾಳ."

"ಹುಚ್ಚಿ ಏನು ನೀ? ನಾ ಖರೇನ ಕೇಳೀನಿ. ಒಡಕು ದನಿ ಅಂವಂದು. ಬೇಕಾರ ಆಣಿ ಮಾಡ್ತೀನಿ."

ಇಬ್ಬರೂ ಮತ್ತೆ ಆ ಮಾತು ತೆಗೆಯಲಿಲ್ಲ.

ಸುಳ್ಳು ಯಾಕೆ ಹೇಳಲಿ, ನಾನೂ ಚಿಕ್ಕವಳಿದ್ದಾಗ ಇದೇ ಆಟ ಆಡಿದವಳು. ನಮ್ಮಪ್ಪನದು ಕೈಮಗ್ಗ. ನೂಲು ಸುತ್ತಿದ ಕಂಡಕಿಗಳನ್ನು ನೆಲದ ಮೇಲೆ ಸಾಲಾಗಿ ನಿಲ್ಲಿಸಿ, ಹೆಸರಿಟ್ಟು, ನಾನು ಶಾಲೆ ನಡೆಸುತ್ತಿದ್ದೆ. ಕೆಂಪು ಕಂಡಕಿಗಳು ಹುಡುಗಿಯರು, ಬಿಳಿಯವು ಹುಡುಗರು. ಮಗ್ಗ ಲಟಕ್ ಪಟಕ್ ಎನ್ನುತ್ತಿರುವತನಕ ಯಾರಿಗೂ ತಕರಾರಿಲ್ಲ. ಅಪ್ಪ ಮಗ್ಗ ನಿಲ್ಲಿಸಿ ಊಟಕ್ಕೆ ಎದ್ದ ಕೂಡಲೇ ಮನೆಯೆಲ್ಲ ಒಮ್ಮೆಲೇ ಗಪ್ಪಾಗುತ್ತಿತ್ತು. ಆಗ ನಾನು ಯಾವುದಾದರೂ ಹೆಸರು ಹಿಡಿದು ಕೂಗಿದರೆ ಒಳಗಿನಿಂದ ಅಜ್ಜಿ ಬೈಯುತ್ತಿದ್ದಳು: "ಏ ಸರೂ, ಇಲ್ಲದವರ ಹೆಸರು ಹಿಡಿದು ಕರೀಬ್ಯಾಡಲೇ. 'ಓ' ಅಂದ್ರ ಏನು ಮಾಡ್ತಿ?" ಅದನ್ನು ಕೇಳಿದ ಮೇಲೆ ಎರಡು ದಿನ ಶಾಲೆಗೆ ರಜೆ. ಮೂರನೆಯ ದಿನ ಮತ್ತೆ ಶುರು. ಕಂಡಕಿಗಳು ಯಾವತ್ತೂ 'ಓ' ಅನ್ನಲಿಲ್ಲ. ಅಂದಿದ್ದರೆ ನಾನು ಬಿ.ಎಡ್. ಬಿಟ್ಟು ಬೇರೇನಾದರೂ ಓದುತ್ತಿದ್ದೆ.

ಆ ಬೇಸಿಗೆ ನಿಮಗೂ ನೆನಪಿರಬೇಕು. ಬೆಟಗೇರಿಯ ಓಣಿಗಳಲ್ಲಿ ಉಳಿದ ಮಗ್ಗಗಳೂ ನಿಂತಿದ್ದವು. ಬೆಳಗ್ಗೆ ಫೋನು ತೆರೆಯಲು ಕೈ ಅಂಜುತ್ತಿತ್ತು, ಯಾರ ಫೋಟೋಕ್ಕೆ ಹಾರ ಹಾಕಿ ಕಳಿಸಿದ್ದಾರೋ ಎಂದು. ಹಾಜರಿ ಕೂಗುವಾಗ ಒಬ್ಬರು ತಡವಾಗಿ "ಹಾಜರ್ ಮೇಡಂ" ಎಂದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಹಾಗಾಗಿಯೇ ಕೇಳುವುದು ಚಟವಾಯಿತು. ಕೇಳಸಾಕತ್ತೈತೇನ್ರಿ? ಇದ್ದೀರೇನ್ರಿ?

ಅಂಥ ದಿನಗಳಲ್ಲೇ ಹಸೀನಾಳ ತರಗತಿಗೆ ಹನುಮಿ ಬಂದಳು.

ಹನುಮಿಯ ಜಾಗ ಬಲಕ್ಕೆ, ಎಲ್ಲರಿಗಿಂತ ಹಿಂದೆ. ಅಲ್ಲಿ ನೋಡುವಾಗ ಹಸೀನಾ ಕತ್ತು ಸ್ವಲ್ಪ ಎತ್ತುತ್ತಿದ್ದಳು, ಮುಂದಿನವರ ತಲೆ ಅಡ್ಡ ಬರುತ್ತವೆ ಎಂಬಂತೆ. "ಹನುಮೀ, ನೀ ಹೇಳು." ತಡೆಯುತ್ತಿದ್ದಳು. ಬೇರೆ ಮಕ್ಕಳಿಗಿಂತ ಹೆಚ್ಚೇ ತಡೆಯುತ್ತಿದ್ದಳು. ನಾವೆಲ್ಲ ಮೈಕು ಮುಚ್ಚಿಕೊಂಡು, ನಮ್ಮ ನಮ್ಮ ಚೌಕದೊಳಗೆ ಉಸಿರು ಹಿಡಿದು ಕೂರುತ್ತಿದ್ದೆವು. ಉತ್ತರವಿಲ್ಲ. ಕೊನೆಗೆ ಹಸೀನಾ ಬೇಸರ ತೋರಿಸದೆ, "ಆತು, ನಾಳೆ ಹೇಳೂವಂತಿ. ಕುಂಡ್ರು" ಎನ್ನುತ್ತಿದ್ದಳು. ಪ್ರತಿ ಪಾಠದಲ್ಲೂ ಇದೇ. ಶಿವಲೀಲಾ ಒಮ್ಮೆ ಕ್ಲಾಸು ಮುಗಿದ ಮೇಲೆ ಮೈಕು ತೆಗೆದು, "ಹನುಮಿ ಯಾವಾಗ ಮಾತಾಡ್ತಾಳಲೇ ಹಸೀನಾ? ನನಗ ರಾತ್ರಿ ನಿದ್ದಿ ಬರವಲ್ದು" ಎಂದಳು. ಯಾರೂ ನಗಲಿಲ್ಲ.

ನಾನು ಹಸೀನಾಳಿಗೆ ಫೋನು ಮಾಡಿದೆ. ಮೇಡಂ ಅನ್ನುವ ಗತ್ತಿನಲ್ಲೇ ಕೇಳಿದೆ: "ಅಲ್ಲವಾ, ಆ ಹುಡುಗಿ ಕಡೆಯಿಂದ ಒಮ್ಮೆರ ಉತ್ತರ ಹೇಳಿಸು. ನೀನ ಮಾಡಿದ ಹುಡುಗಿ ಅಲ್ಲೇನು?"

"ಉಳದಾರೆಲ್ಲಾ ನಾ ಮಾಡಿದಾರ್ರಿ ಮೇಡಂ" ಎಂದಳು ಹಸೀನಾ. "ನಾ ಹೆಂಗ ಅಂದ್ರ ಹಂಗ ಹೇಳ್ತಾರ್ರಿ. ಅಕಿ ಹಂಗಲ್ರಿ. ಒಂದಿನ ಹೆಸರು ನಾಲಿಗಿ ಮ್ಯಾಲ ಬಂತು, ಕರದ್ನಿ. ಎದ್ದ ನಿಂತಳು. ಹೇಳಸಾಕ ಹೋದ್ರ ಹೇಳೂದಿಲ್ರಿ."

"ಹಂಗಾರ ಕರೀಬ್ಯಾಡ ಬಿಡು."

"ಕರೀದಿದ್ರ ಹೆಂಗ್ರಿ? ಕುಂತಿರ್ತಾಳಲ್ರಿ."

ಫೋನು ಇಟ್ಟ ಮೇಲೆ ನನಗೆ ಹೆದರಿಕೆಯಾಯಿತು. ಈ ಹುಡುಗಿಯ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬ ಹೆದರಿಕೆ ಒಂದು, ನಾನು ಹೇಳಿದ ಉಪಾಯದಿಂದಲೇ ಹೀಗಾಯಿತಲ್ಲ ಎಂಬುದು ಇನ್ನೊಂದು. ಮರುದಿನ ಪಾಠದ ನಡುವೆ ಬೋರ್ಡಿನ ಕಡೆಯಿಂದ ತಿರುಗಿದ ಹಸೀನಾ, ಗಕ್ಕನೆ ನಿಂತು ಗದರಿಸಿದಳು: "ಯಾಕ ಎಲ್ಲಾರೂ ಹಿಂದಕ್ಕ ಹೊಳ್ಳಿ ನೋಡಾಕತ್ತೀರಿ? ಇಲ್ಲೆ ನೋಡ್ರಿ." ಅವಳ ಎದುರಿಗಿದ್ದದ್ದು ಗಾದಿಗಳ ರಾಶಿ. ನಾನು ಮಾತ್ರ ನನ್ನ ಕುರ್ಚಿಯಲ್ಲಿ ಕೂತಲ್ಲೇ ಹಿಂದೆ ತಿರುಗಿ ನೋಡಿದೆ. ನಮ್ಮ ಮನೆಯ ಕಪಾಟು, ಅದರ ಮೇಲಿನ ಹಳೆಯ ಟ್ರಂಕು. ಮತ್ತೇನಿರುತ್ತದೆ.

ಚಳಿಗಾಲದ ಹೊತ್ತಿಗೆ ಶಾಲೆಗಳು ತೆರೆದವು. ಪರೀಕ್ಷೆಯ ಕೊನೆಯ ಪಾಠವನ್ನಾದರೂ ನಿಜವಾದ ಮಕ್ಕಳ ಮುಂದೆ ಮಾಡಲಿ ಎಂದಾಯಿತು. ಹಸೀನಾಳ ಪಾಲಿಗೆ ಬಂದದ್ದು ನಮ್ಮ ಜಿಲ್ಲೆಯದೇ ಆದ ಮಾಗಡಿಯ ಶಾಲೆ. ಅವಳು ಆ ಊರನ್ನು ಬಸ್ಸಿನ ಕಿಟಕಿಯಿಂದ ಬಿಟ್ಟರೆ ನೋಡಿದವಳಲ್ಲ. ಆ ಪಾಠ ಕೆಟ್ಟರೆ ಅವಳ ವರ್ಷವೇ ಕೆಟ್ಟಂತೆ. ಇನ್ನೊಂದು ವರ್ಷ ಓದಿಸುವ ತ್ರಾಣ ಮನೆಯಲ್ಲಿರಲಿಲ್ಲ. ಮೋಟರ್‌ಸೈಕಲ್ಲಿನ ಮೇಲೆ ಅವಳನ್ನು ಕರೆತಂದಿದ್ದ ಅಪ್ಪ, ಶಾಲೆಯ ಗೇಟಿನ ಹತ್ತಿರ ಕೈಮುಗಿದು, "ಪಾಸ್ ಆಕ್ಕಾಳೇನ್ರಿ ಮೇಡಂ? ಮನಿಯಾಗ ಒಬ್ಬಾಕಿನ ಮಾತಾಡಿ ಮಾತಾಡಿ ಗಂಟಲಾ ಹರಕೊಂಡಾಳ್ರಿ" ಎಂದರು. ಅವರಿಗೆ ನೆರಳಲ್ಲಿ ಕೂರಲು ಹೇಳಿ ನಾನು ಒಳಗೆ ನಡೆದೆ.

ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರೊಬ್ಬರು ಮತ್ತು ನಾನು ಆರನೆಯ ತರಗತಿಯ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆವು. ದೂರದಲ್ಲಿ ಕೆರೆ. ಹಿಮಾಲಯದಾಚೆಯಿಂದ ಬಂದ ಹೆಬ್ಬಾತುಗಳು ಅಲ್ಲಿ ಇಳಿದಿದ್ದವು, ಅವುಗಳ ಕೂಗು ಒಮ್ಮೊಮ್ಮೆ ಇಲ್ಲಿಗೂ ಬರುತ್ತಿತ್ತು. ಹಸೀನಾ ದಿಕ್ಕುಗಳ ಪಾಠ ಎತ್ತಿಕೊಂಡಿದ್ದಳು.

ಅಯ್ಯೋ, ಆ ಗದ್ದಲವೇ! ವರ್ಷಗಟ್ಟಲೆ ಮನೆಯಲ್ಲಿ ಕೂತು ಬಂದ ಮಕ್ಕಳು, ಮಾಸ್ಕು ಗದ್ದಕ್ಕೆ ಜೋತುಬಿದ್ದಿವೆ, ಪ್ರಶ್ನೆ ಮುಗಿಯುವ ಮೊದಲೇ ಎಲ್ಲರೂ ಒಟ್ಟಿಗೆ ಒದರುತ್ತಾರೆ. ಹಸೀನಾ ತಡೆದು ನಿಂತರೆ ಆ ಬಿಡುವಿನೊಳಗೆ ಎಲ್ಲರ ದನಿಯೂ ನುಗ್ಗುತ್ತದೆ. ಅವಳು ರೂಢಿಯಿಂದ ಎಡಕ್ಕೆ ನೋಡಿ, "ಬಸೂ, ನೀ ಹೇಳು" ಎಂದಳು. ಮೂರು ಮೂಲೆಯಿಂದ ಮೂವರು ಬಸ್ಯಾಗಳು ಎದ್ದರು! ನನ್ನನ್ನು ಕರೆದದ್ದು, ನಿನ್ನನ್ನಲ್ಲ ಎಂದು ಜಗಳ ಹತ್ತಿತು. ಹಸೀನಾಳ ಕೈಯಿಂದ ಚಾಕ್‌ಪೀಸು ಜಾರಿ ಬಿತ್ತು, ಬಾಗಿ ಎತ್ತಿಕೊಂಡಳು. ಮಾತನಾಡದ ಮಕ್ಕಳನ್ನು ಸಂಭಾಳಿಸಿದ ಹುಡುಗಿಗೆ ಮಾತನಾಡುವ ಮಕ್ಕಳು ಹೊಸಬರು. "ಈಕಿಗೆ ಹುಡುಗರ ರೂಢಿ ಇಲ್ಲ ಬಿಡ್ರಿ ಮೇಡಂ" ಎಂದು ಪರೀಕ್ಷಕರು ಪಿಸುಗುಟ್ಟಿ ಪೆನ್ನು ತೆಗೆದರು. ನನಗೆ ಅಳು ಬರುವಂತಾಯಿತು. ಗೇಟಿನ ಹತ್ತಿರ ಆ ಅಪ್ಪ ಕೂತಿದ್ದಾರೆ.

ಹಸೀನಾ ಬೋರ್ಡಿಗೆ ಬೆನ್ನು ಹಚ್ಚಿದಳು. ಮುಳುಗುವವರು ಕಣ್ಣಿಗೆ ಕಂಡದ್ದನ್ನು ಹಿಡಿಯುವ ಹಾಗೆ, ಬಲಕ್ಕೆ, ಎಲ್ಲರಿಗಿಂತ ಹಿಂದೆ ನೋಡಿದಳು. ಕತ್ತು ಸ್ವಲ್ಪ ಎತ್ತಿದಳು.

"ಹನುಮೀ, ನೀ ಹೇಳು. ನೀ ಯಾವ ದಿಕ್ಕಿಗೆ ಮುಖಾ ಮಾಡಿ ಕುಂತಿ?"

ಗದ್ದಲ ಒಮ್ಮೆಲೇ ನಿಂತಿತು. ಅಪ್ಪ ಮಗ್ಗ ನಿಲ್ಲಿಸಿದಾಗ ನಮ್ಮ ಮನೆ ಹೀಗೆ ಗಪ್ಪಾಗುತ್ತಿತ್ತು. ಇಡೀ ತರಗತಿ, ಒಂದು ಮಗುವೂ ಬಿಡದೆ, ಹಿಂದಕ್ಕೆ ಹೊಳ್ಳಿ ನೋಡಿತು. ಕೊನೆಯ ಬೆಂಚು. ಕಿಟಕಿಯ ಬದಿಗೆ ಒಬ್ಬರು ಕೂರುವಷ್ಟು ಜಾಗ ಖಾಲಿ ಬಿಟ್ಟು, ಉಳಿದದ್ದರಲ್ಲಿ ಹುಡುಗಿಯರು ಒತ್ತಿಕೊಂಡು ಕೂತಿದ್ದರು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಸಣ್ಣಗೆ ಹೇಳಿದಳು: "ಹನುಮಿ ಬಂದಿಲ್ರಿ ಟೀಚರ್. ಶಾಲಿ ಬಂದ್ ಆದಾಗ ಅವರಪ್ಪ ಅವ್ವನ ಜೋಡಿ ಗೋವಾಕ್ಕ ದುಡಿಯಾಕ ಹೋದಾಕಿ, ಹೊಳ್ಳಿ ಬಂದ ಇಲ್ರಿ. ಖಬರ ಇಲ್ರಿ."

ನಮ್ಮ ಕಡೆ ಯಾವ ಊರಿಗೆ ಹೋದರೂ ಒಬ್ಬಳು ಹನುಮವ್ವ ಸಿಗುತ್ತಾಳೆ. ಅಷ್ಟು ಬುದ್ಧಿ ನನಗೂ ಇದೆ. ಗೋವಾಕ್ಕೆ ಹೋಗಿ ಬಾರದ ಮಕ್ಕಳೂ ಊರಿಗೆ ಒಬ್ಬಿಬ್ಬರು ಇದ್ದಾರೆ. ಇದನ್ನೆಲ್ಲ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುವಾಗ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದೆ.

ಹಸೀನಾ ಅಲ್ಲಿಂದ ಕಣ್ಣು ಕೀಳಲಿಲ್ಲ. ಗಾದಿ ಕೋಣೆಯಲ್ಲಿ ತಡೆದ ಹಾಗೆಯೇ ತಡೆದಳು. ಮೂವರು ಬಸ್ಯಾಗಳು ಸೇರಿ ಎಲ್ಲ ಮಕ್ಕಳೂ ಅವಳ ಜೊತೆ ತಡೆದರು. ಕೆರೆಯ ಕಡೆಯಿಂದ ಹಕ್ಕಿಗಳ ಕೂಗು ಬಂತು, ನಿಂತಿತು. ಆಮೇಲೆ ಹಸೀನಾ ಬೇಸರವಿಲ್ಲದ ಆ ಹಳೆಯ ದನಿಯಲ್ಲೇ ಹೇಳಿದಳು:

"ಆತು, ನಾಳೆ ಹೇಳೂವಂತಿ. ಕುಂಡ್ರು."

ಕೊನೆಯ ಬೆಂಚಿನ ಹುಡುಗಿ ಇನ್ನಷ್ಟು ಸರಿದಳು. ಖಾಲಿ ಜಾಗವನ್ನು ಅಂಗೈಯಿಂದ ಒರೆಸಿದಳು. ನಗದೆ, ಹೆದರದೆ, ಬಹಳ ಸಹಜವಾಗಿ ಹೇಳಿದಳು: "ಕುಂತಳ್ರಿ ಟೀಚರ್."

"ಹಂಗಾರ ಈಗ ಹೇಳ್ರಿ ನೋಡೋಣು" ಎಂದಳು ಹಸೀನಾ. "ಗೋವಾ ನಮಗ ಯಾವ ದಿಕ್ಕಿಗೆ ಬರ್ತೈತಿ?"

ಕೈಗಳು ಎದ್ದವು. ಯಾರೂ ಒದರಲಿಲ್ಲ. ಒಬ್ಬೊಬ್ಬರೇ ಎದ್ದು ಕಿಟಕಿಯ ಕಡೆ ಕೈ ತೋರಿಸಿ ಹೇಳಿದರು, ಕೂತರು. ಅಂಥ ಪಾಠವನ್ನು ನಾನು ಈ ನೌಕರಿಯಲ್ಲಿ ಕಂಡಿಲ್ಲ. ಗಂಟೆ ಹೊಡೆದು ಮಕ್ಕಳು ಹೊರಗೆ ಓಡಿದ ಮೇಲೆ ಪರೀಕ್ಷಕರು ಕನ್ನಡಕ ಒರೆಸಿಕೊಳ್ಳುತ್ತ, "ಗೆದ್ದಾಳ ನೋಡ್ರಿ ಹುಡುಗಿ. ಬರೋಬ್ಬರಿ ಅಂಕಾ ಕೊಡಬೇಕು" ಎಂದರು. ಹಸೀನಾ ಚಾಕ್‌ಪೀಸು ಹಿಡಿದೇ ಅಪ್ಪನ ಕಡೆಗೆ ಹೋದಳು. ಅವರು ಎದ್ದು ನಿಂತದ್ದು ಬಾಗಿಲಿನಿಂದ ಕಂಡಿತು.

ಅಂಕ ಬರೆಯಲು ಬೆಳಕು ಬೇಕೆಂದು ಪರೀಕ್ಷಕರು ತರಗತಿಯ ಹಿಂದಕ್ಕೆ ನಡೆದರು. ಕಿಟಕಿಯ ಬದಿಯ ಆ ಜಾಗಕ್ಕೆ ಬಂದು, ಹಾಳೆ ಬೆಂಚಿನ ಮೇಲಿಟ್ಟು, ಇನ್ನೇನು ಕೂರಬೇಕು.

"ಅಲ್ಲೆ ಬ್ಯಾಡ್ರಿ ಸರ್" ಎಂದೆ ನಾನು. "ಅಲ್ಲೆ ಹುಡುಗಿ ಕುಂತಾಳ."

ಅವರು ಒಮ್ಮೆ ನನ್ನನ್ನು, ಒಮ್ಮೆ ಬೆಂಚನ್ನು ನೋಡಿದರು. ಹಾಳೆ ಎತ್ತಿಕೊಂಡು, "ಸರಿ ಸರಿ" ಎನ್ನುತ್ತ ಮುಂದಿನ ಬೆಂಚಿಗೆ ಹೋಗಿ ಕೂತರು.